ಮುಕ್ತ ಪಠ್ಯವೂ ಕನ್ನಡದ ವಿಜ್ಞಾನಗದ್ಯವೂ: ಸಕಲೇಶಪುರ–ಆಲೂರು ಸೀಮೆಯ ನಿದರ್ಶನದಿಂದ ಒಂದು ವಿಮರ್ಶೆ

೧

ಕಾಲೇಜು ವಿದ್ಯಾರ್ಥಿಗಳಲ್ಲಿ ವಿಜ್ಞಾನದ ಅರಿವನ್ನು ಬೆಳೆಸುವುದಕ್ಕೆ ಬೆಲೆಯಿಲ್ಲದೆ ದೊರೆಯುವ ಮುಕ್ತ ಪಠ್ಯಸಾಮಗ್ರಿಯೇ ತಕ್ಕ ಸಾಧನವೆಂಬ ಮಾತು ಈಚಿನ ಎರಡು ದಶಕಗಳಲ್ಲಿ ವಿದ್ಯಾವಲಯದಲ್ಲಿ ಬಲವಾಗಿ ಕೇಳಿಬಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯು ತನ್ನ ಪಾಠಗಳನ್ನು ಲೋಕಕ್ಕೆಲ್ಲ ತೆರೆದಿಡುವುದಾಗಿ ೨೦೦೧ರಲ್ಲಿ ಸಾರಿತು. ಮರುವರ್ಷ ಯುನೆಸ್ಕೊ ಸಂಸ್ಥೆಯು ಪ್ಯಾರಿಸಿನಲ್ಲಿ ನೆರೆಸಿದ ಸಭೆಯಲ್ಲಿ ಈ ಬಗೆಯ ಸಾಮಗ್ರಿಗೆ ಒಂದು ಹೆಸರಾಯಿತು. ೨೦೧೯ರಲ್ಲಿ ಅದೇ ಸಂಸ್ಥೆ ತನ್ನ ಸದಸ್ಯ ರಾಷ್ಟ್ರಗಳಿಗೆ ಅದನ್ನು ಶಿಫಾರಸು ಮಾಡಿತು. ಹೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದ ಓಪನ್‌ಸ್ಟ್ಯಾಕ್ಸ್ ಸಂಸ್ಥೆ ೨೦೧೨ರಿಂದ ಹೊರತಂದ ಪಠ್ಯಗಳಲ್ಲಿ, ವಿಜ್ಞಾನವನ್ನು ಮುಖ್ಯವಿಷಯವಾಗಿ ಓದದವರಿಗೆಂದೇ ಬರೆಯಿಸಿದ ಜೀವಶಾಸ್ತ್ರವೊಂದೂ ಸೇರಿದೆ. ಭಾರತದಲ್ಲಿ ಎನ್‌ಪಿಟಿಇಎಲ್ ಉಪನ್ಯಾಸಗಳೂ, ೨೦೧೭ರಲ್ಲಿ ಪ್ರಾರಂಭವಾದ ‘ಸ್ವಯಂ’ ವ್ಯವಸ್ಥೆಯೂ ಇದೇ ಉದ್ದೇಶದಿಂದ ಹುಟ್ಟಿದುವು.

ಈ ಚರ್ಚೆಯಲ್ಲಿ ಎರಡು ಬೇರೆಬೇರೆ ಗುಣಗಳು ಒಂದೇ ಎಂಬಂತೆ ಬೆರೆತುಹೋಗಿರುವುವು. ಉಚಿತವಾಗಿರುವುದು ಒಂದು, ಮುಕ್ತವಾಗಿರುವುದು ಇನ್ನೊಂದು. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳನ್ನು ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಂಡು ಓದಬಹುದು. ಆದರೆ ಅವುಗಳ ಗ್ರಂಥಸ್ವಾಮ್ಯ ಸಂಸ್ಥೆಯದೇ ಆದುದರಿಂದ ತಿದ್ದಿ ಬೆಳೆಸಿ ಮತ್ತೆ ಪ್ರಕಟಿಸುವ ಹಕ್ಕು ಓದುಗನಿಗಿಲ್ಲ. ಮುಕ್ತ ಪಠ್ಯವಾದರೋ ಐದು ಹಕ್ಕುಗಳನ್ನು ಕೊಡುತ್ತದೆ: ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೊಂದರೊಡನೆ ಬೆರೆಸುವುದು, ಹಂಚುವುದು. ಇವುಗಳಲ್ಲಿ ಮೊದಲೆರಡು ಬಡವಿದ್ಯಾರ್ಥಿಯ ಕೈಗೆ ಪುಸ್ತಕವನ್ನು ಸೇರಿಸುವುವು; ಅದು ದೊಡ್ಡ ಉಪಕಾರವೇ ಸರಿ. ಪುಸ್ತಕವು ಅವನ ಮನಸ್ಸಿಗೆ ಸೇರಬೇಕಾದರೆ ಬೇಕಾಗುವುದು ಮೂರನೆಯ ಹಕ್ಕು. ಈ ತಿದ್ದುವ ಹಕ್ಕನ್ನು ಕನ್ನಡವು ಹೇಗೆ ಬಳಸಿಕೊಂಡಿದೆಯೆಂಬುದು ಇಲ್ಲಿ ವಿಚಾರಿಸತಕ್ಕ ವಿಷಯ. ಅದು ಶಿಕ್ಷಣಶಾಸ್ತ್ರದ ಪ್ರಶ್ನೆಯೆಂದು ಸಾಹಿತ್ಯದವರು ದೂರ ನಿಲ್ಲುವುದು ವಾಡಿಕೆ. ವಾಸ್ತವದಲ್ಲಿ ಅದು ಗದ್ಯದ ಪ್ರಶ್ನೆ. ಆದಕಾರಣ ಸಾಹಿತ್ಯವಿಮರ್ಶೆಯ ಪ್ರಶ್ನೆ.

೨

ಗದ್ಯವನ್ನು ಪರೀಕ್ಷಿಸಲು ಓದುಗನೂ ನೆಲವೂ ಗೊತ್ತಾಗಿರಬೇಕು. ‘ಸಾಮಾನ್ಯ ವಾಚಕ’ನೆಂಬ ಊಹೆಯ ವ್ಯಕ್ತಿಯನ್ನು ಮುಂದಿಟ್ಟುಕೊಂಡರೆ ಯಾವ ಬರಹವೂ ಉತ್ತೀರ್ಣವಾದೀತು. ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರ, ಆಲೂರುಗಳ ಗುಡ್ಡಸೀಮೆ ಇದಕ್ಕೆ ತಕ್ಕ ಒರೆಗಲ್ಲು. ಸಕಲೇಶಪುರದ ಪಶ್ಚಿಮಕ್ಕೆ ಘಟ್ಟದ ನೆತ್ತಿಯಿದೆ. ಅಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಹೇಮಾವತಿಯನ್ನು ಸೇರಿ ಕಾವೇರಿಯ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಾಲು ಕೆಂಪುಹೊಳೆ, ಕುಮಾರಧಾರೆ, ನೇತ್ರಾವತಿಗಳ ದಾರಿಯಿಂದ ಅರಬ್ಬಿ ಸಮುದ್ರಕ್ಕಿಳಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಆಲೂರಿನ ಕಡೆ ಬರುಬರುತ್ತ ಮಳೆ ಬೇಗಬೇಗನೆ ಇಳಿದು ಮಲೆನಾಡು ಬಯಲಿಗೆ ತಿರುಗುತ್ತದೆ. ಕಾಫಿ, ಏಲಕ್ಕಿ, ಮೆಣಸು, ಬತ್ತ ಇವು ಇಲ್ಲಿಯ ಬೆಳೆಗಳು. ಏಲಕ್ಕಿ ಸಂಶೋಧನೆಯ ಪ್ರಾದೇಶಿಕ ಕೇಂದ್ರವೊಂದು ಸಕಲೇಶಪುರದ ಬಳಿಯ ದೋಣಿಗಾಲಿನಲ್ಲಿದೆ.

ಇಲ್ಲಿಯ ಪದವಿ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಹತ್ತನೆಯ ತರಗತಿಯ ತರುವಾಯ ಕಲೆ ಅಥವಾ ವಾಣಿಜ್ಯವನ್ನು ಆರಿಸಿಕೊಂಡವರಿಗೆ ವಿಜ್ಞಾನದ ಪಾಠ ಅಲ್ಲಿಗೆ ಮುಗಿದುಹೋಗಿರುತ್ತದೆ. ವಿಜ್ಞಾನವನ್ನೇ ಆರಿಸಿಕೊಂಡವರಿಗೆ ಅದು ಇಂಗ್ಲಿಷಿನಲ್ಲಿ ಮುಂದುವರಿಯುತ್ತದೆ. ಹೀಗೆ ಒಬ್ಬರಿಗೆ ಭಾಷೆಯಿದ್ದು ವಿಷಯವಿಲ್ಲ; ಇನ್ನೊಬ್ಬರಿಗೆ ವಿಷಯವಿದ್ದು, ಅದನ್ನು ಮನೆಯಲ್ಲಿ ಆಡಿ ತೋರಿಸುವ ಭಾಷೆಯಿಲ್ಲ. ಇಬ್ಬರೂ ಒಂದೇ ಪಾಠಕ್ಕೆ ಕೂಡುವ ಸ್ಥಳ ಕಾಲೇಜಿನಲ್ಲಿ ಬಹುಶಃ ಕನ್ನಡದ ತರಗತಿಯೊಂದೇ. ಬಿ.ಎ., ಬಿ.ಎಸ್‌ಸಿ., ಬಿ.ಕಾಂ.ಗಳ ಕನ್ನಡ ಭಾಷಾಪಠ್ಯಗಳಲ್ಲಿ ವಿಜ್ಞಾನ ಅಥವಾ ಪರಿಸರವನ್ನು ಕುರಿತ ಒಂದೆರಡು ಪ್ರಬಂಧಗಳನ್ನು ಸೇರಿಸುವುದೂ ಉಂಟು.

ಅದೇ ಸಮಯದಲ್ಲಿ ಈ ಸೀಮೆಯವರು ನಿತ್ಯವೂ ವಿಜ್ಞಾನದ ಪ್ರಶ್ನೆಗಳ ನಡುವೆ ಬಾಳುತ್ತಿರುವರು. ಎತ್ತಿನಹೊಳೆಯ ನೀರೆಷ್ಟು? ಕಾಂಡಕೊರಕ ಹತ್ತಿದ ತೋಟದ ನೆರಳನ್ನು ಕಡಿಯಬಹುದೇ? ಊರಿಗೆ ಬಂದ ಆನೆಯನ್ನು ಹಿಡಿದು ಸಾಗಿಸಿದರೆ ಕಾಟ ತಪ್ಪೀತೇ? ವಿಜ್ಞಾನದ ಅರಿವೆಂದರೆ ಪಾರಿಭಾಷಿಕ ಪದಗಳ ಕಂಠಪಾಠವಲ್ಲ. ಇಂತಹ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಿದಾಗ, ಆ ಉತ್ತರ ಯಾವ ಆಧಾರದ ಮೇಲೆ ನಿಂತಿದೆಯೆಂದು ಕೇಳಿ ತೂಗಬಲ್ಲ ಶಕ್ತಿ. ಕನ್ನಡದ ಮುಕ್ತ ಪಠ್ಯ ಈ ಶಕ್ತಿಯನ್ನು ಕೊಡಬಲ್ಲುದೇ ಎಂಬುದೇ ಪರೀಕ್ಷೆ.

೩

ಅಗ್ಗವಾಗಿ, ಎಲ್ಲರಿಗೂ ಸಿಕ್ಕುವಂತೆ ವಿಜ್ಞಾನವನ್ನು ಕನ್ನಡದಲ್ಲಿ ಹಂಚಬೇಕೆಂಬ ಬಯಕೆ ಹೊಸದಲ್ಲ. ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷ ಮಾತ್ರ ನಡೆಯಿತು. ಆದರೆ ಕನ್ನಡದಲ್ಲಿ ವಿಜ್ಞಾನವನ್ನು ವಾಕ್ಯವಾಕ್ಯವಾಗಿ ಕಟ್ಟಬಹುದೆಂಬುದು ಅದರಿಂದ ಸ್ಥಿರಪಟ್ಟಿತು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸಿದವರು, ‘ಜೀವವಿಜ್ಞಾನ’ವನ್ನು ಬರೆದವರು, ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಪ್ರಕಟಿಸಿದ ಪಂಪಭಾರತದ ಸಂಪಾದಕರೂ ಅವರೇ. ಈ ಮೂರು ಕೆಲಸಗಳು ಒಬ್ಬರಲ್ಲಿ ಕೂಡಿದುದು ಆಕಸ್ಮಿಕವೆಂದು ತೋರಿದರೂ, ಮುಂದಿನ ವಿಚಾರಕ್ಕೆ ಅದೇ ಕೀಲಿಕೈ.

ಅಲ್ಲಿಂದ ಮುಂದೆ ಶಿವರಾಮ ಕಾರಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂದಿತು. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡುಗಳಲ್ಲಿ ಸಸ್ಯಗಳನ್ನರಸಿ ಅಲೆದುದರ ಕಥನವಾದ ‘ಹಸುರು ಹೊನ್ನು’ ೧೯೭೬ರಲ್ಲಿ ಪ್ರಕಟವಾಗಿ, ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಸಕಲೇಶಪುರಕ್ಕೆ ಹೊಂದಿದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ (೧೯೮೦) ಮೊದಲಾದ ಕೃತಿಗಳಲ್ಲಿ ಇದೇ ಕಾಫಿಸೀಮೆಯ ಕಾಡು, ಕೀಟ, ಹಕ್ಕಿ, ಮನುಷ್ಯರನ್ನು ವಿಜ್ಞಾನದ ಕುತೂಹಲಕ್ಕೆ ಒಳಪಡಿಸಿದರು. ಇತ್ತ ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಿಂದ ೨೦೦೪ರ ವರೆಗೆ ಹದಿನಾಲ್ಕು ಸಂಪುಟಗಳಲ್ಲಿ ಕನ್ನಡ ವಿಶ್ವಕೋಶವನ್ನು ಪೂರೈಸಿತು. ೨೦೧೪ರಲ್ಲಿ ಅದರ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಗೆ ಒಳಪಡಿಸಿದುದು, ಕನ್ನಡದ ವಿದ್ಯೆಯ ಇತಿಹಾಸದಲ್ಲಿ ಹೇಳಿಕೊಳ್ಳತಕ್ಕ ಔದಾರ್ಯ. ೨೦೦೩ರಿಂದ ನಡೆದುಬಂದಿರುವ ಕನ್ನಡ ವಿಕಿಪೀಡಿಯ ಎಂಬ ಮುಕ್ತಕೋಶಕ್ಕೂ ಇದರಿಂದ ಆಹಾರ ಒದಗಿತು.

ಈಗ ಈ ಸಂಪತ್ತನ್ನು ಕಾನೂನಿನ ಕಣ್ಣಿನಿಂದ ನೋಡಬೇಕು. ಭಾರತದಲ್ಲಿ ಗ್ರಂಥಸ್ವಾಮ್ಯವು ಕರ್ತೃವಿನ ಜೀವಿತಕಾಲವೂ ಅವನ ಮರಣಾನಂತರ ಅರುವತ್ತು ವರ್ಷವೂ ಇರುತ್ತದೆ. ವೆಂಕಟನಾರಣಪ್ಪನವರು ೧೯೪೩ರಲ್ಲಿ ಗತಿಸಿದರು. ಅವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು ೨೦೦೪ರಿಂದ ಎಲ್ಲರ ಸ್ವತ್ತು. ೧೯೮೦ರಲ್ಲಿ ತೀರಿಕೊಂಡ ಸ್ವಾಮಿಯವರ ಕೃತಿಗಳು ೨೦೪೦ರ ಕೊನೆಯ ವರೆಗೂ, ೧೯೯೭ರಲ್ಲಿ ತೀರಿಕೊಂಡ ಕಾರಂತರವು ೨೦೫೭ರ ಕೊನೆಯ ವರೆಗೂ, ೨೦೦೭ರಲ್ಲಿ ತೀರಿಕೊಂಡ ತೇಜಸ್ವಿಯವರವು ೨೦೬೭ರ ಕೊನೆಯ ವರೆಗೂ ಸ್ವಾಮ್ಯಕ್ಕೆ ಒಳಪಟ್ಟಿರುವುವು. ಹಕ್ಕುದಾರರು ತಾವಾಗಿ ಬಿಟ್ಟುಕೊಟ್ಟರೆ ಆ ಮಾತು ಬೇರೆ. ನಿರಂಜನರ ಕೃತಿಗಳನ್ನು ಅವರ ಮನೆಯವರು ೨೦೧೪ರಲ್ಲಿ ಹಾಗೆ ಬಿಟ್ಟುಕೊಟ್ಟುದುಂಟು. ಒಟ್ಟಿನಲ್ಲಿ ಕನ್ನಡದ ಸ್ಥಿತಿ ಹೀಗೆ ಏರ್ಪಟ್ಟಿದೆ: ಯಾವ ಗದ್ಯ ವಿದ್ಯಾರ್ಥಿಯೊಡನೆ ಮಾತನಾಡಬಲ್ಲುದೋ ಅದು ಕಾನೂನಿನಿಂದ ಮುಚ್ಚಿದೆ, ಯಾವುದು ಕಾನೂನಿನಿಂದ ತೆರೆದಿದೆಯೋ ಅದು ಭಾಷೆಯಿಂದ ಮುಚ್ಚಿದೆ, ಎರಡು ಬಗೆಯಿಂದಲೂ ತೆರೆದಿರುವುದು ನೂರು ವರ್ಷ ಹಿಂದಿನದಾದುದರಿಂದ ಅದರ ವಿಜ್ಞಾನ ಹಳತಾಗಿದೆ. ಮುಚ್ಚಿದುದನ್ನು ತೆರೆಯುವುದು ಪರರ ಕೈಯಲ್ಲಿದೆ. ತೆರೆದುದನ್ನು ತಿದ್ದುವುದು ಮಾತ್ರ ಎಲ್ಲರ ಕೈಯಲ್ಲಿದೆ.

೪

ತೆರೆದಿರುವ ಗದ್ಯ ಭಾಷೆಯಿಂದ ಮುಚ್ಚಿದೆಯೆಂಬ ಮಾತಿಗೆ ಸಮರ್ಥನೆ ಬೇಕು. ವಿಶ್ವಕೋಶದ ಲೇಖಕರು ತಮ್ಮ ತಮ್ಮ ಶಾಸ್ತ್ರಗಳಲ್ಲಿ ಪಂಡಿತರು. ಅವರ ಲೇಖನಗಳಲ್ಲಿ ನಿಖರತೆಗೆ ಕೊರತೆಯಿಲ್ಲ. ಆದರೆ ಕೋಶದ ಧರ್ಮವೇ ಸಂಕ್ಷೇಪ. ಬಲ್ಲವನಿಗೆ ಜ್ಞಾಪಿಸುವುದು ಅದರ ಕೆಲಸವೇ ಹೊರತು, ಅರಿಯದವನನ್ನು ಕೈಹಿಡಿದು ನಡೆಸುವುದಲ್ಲ. ಅದನ್ನೇ ಪಠ್ಯವೆಂದು ವಿದ್ಯಾರ್ಥಿಯ ಮುಂದಿಟ್ಟರೆ ದೋಷ ಕೋಶದ್ದಲ್ಲ, ಇಟ್ಟವರದು. ಮೇಲಾಗಿ ಮೊದಲ ಸಂಪುಟಗಳು ರಾಜ್ಯಕ್ಕೆ ಮೈಸೂರೆಂಬ ಹೆಸರಿದ್ದ ೧೯೭೩ಕ್ಕೂ ಹಿಂದಿನ ಕಾಲದಲ್ಲಿ ತೊಡಗಿದುವು. ಅಂಕಿಗಳೂ ಆಡಳಿತದ ವಿಭಾಗಗಳೂ ಅಂದಿನವು. ಮುಕ್ತ ಪರವಾನಗಿ ಬಂದುದರಿಂದ ಇವನ್ನು ಹೊಸದಾಗಿಸುವ ಅಧಿಕಾರ ಬಂದಿತು. ಹೊಸದಾಗಿಸುವ ಅಭ್ಯಾಸ ಅದರೊಡನೆ ಬರಲಿಲ್ಲ.

ಕಾಲೇಜಿನ ಮಟ್ಟದ ಕನ್ನಡ ವಿಜ್ಞಾನಬರಹದಲ್ಲಿ, ಅದು ಕೋಶದ್ದಾಗಲಿ ಅಂತರ್ಜಾಲದ್ದಾಗಲಿ, ಮೂರು ಚಾಳಿಗಳು ಮತ್ತೆ ಮತ್ತೆ ಕಾಣುವುವು. ಒಂದು, ಇಂಗ್ಲಿಷಿನ ಕರ್ಮಣಿಪ್ರಯೋಗವನ್ನು ‘ಅಲ್ಪಡು’ ಎಂಬ ಬಾಲದಿಂದ ಹೊತ್ತು ತರುವುದು. ಎರಡು, ಕ್ರಿಯೆಗಳನ್ನೆಲ್ಲ ನಾಮಪದಗಳಾಗಿ ಹೆಪ್ಪುಗಟ್ಟಿಸುವುದು. ಮೂರು, ಪಾರಿಭಾಷಿಕ ಪದವನ್ನು ವಸ್ತುವಿಗಿಂತ ಮುಂಚೆ ತಂದು ನಿಲ್ಲಿಸುವುದು. ಮೂರೂ ಕೂಡಿದರೆ ಯಾವ ಬಗೆಯ ವಾಕ್ಯ ಹುಟ್ಟುತ್ತದೆಂಬುದಕ್ಕೆ ನಿದರ್ಶನವಾಗಿ ಹೀಗೊಂದನ್ನು ರಚಿಸಿ ನೋಡಬಹುದು: “ಶ್ವೇತ ಕಾಂಡಕೊರಕ ಕೀಟದ ಡಿಂಭಗಳಿಂದ ಕಾಂಡದ ಅಂಗಾಂಶಗಳಲ್ಲಿ ಸುರಂಗನಿರ್ಮಾಣ ನಡೆಸಲ್ಪಡುವುದರಿಂದ ಪೋಷಕಾಂಶ ಸಾಗಣೆಯ ಅವರೋಧ ಉಂಟಾಗಿ ಸಸ್ಯದ ಮರಣವು ಸಂಭವಿಸುತ್ತದೆ.” ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾರು, ಎಲ್ಲಿ, ಯಾವಾಗ, ಏನು ಮಾಡಿದರೆಂಬುದು ಓದುಗನ ಕಣ್ಣಿಗೆ ಕಟ್ಟುವುದಿಲ್ಲ.

ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಹೇಳಬಹುದು. “ತೋಟದವರು ಬೋರರ್ ಎಂದು ಕರೆಯುವ ಬಿಳಿ ಕಾಂಡಕೊರಕವು ಒಂದು ದುಂಬಿ. ಅದು ಏಪ್ರಿಲ್–ಮೇ ತಿಂಗಳುಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನ ವರೆಗೆ ಮತ್ತೊಮ್ಮೆ ಹಾರಾಡುತ್ತದೆ. ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಹುಳು ಮೊದಲು ತೊಗಟೆಯ ಕೆಳಗೆ ತಿನ್ನುತ್ತದೆ, ಆಮೇಲೆ ಕಾಂಡದ ಗಟ್ಟಿ ಮರದೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಎಳೆಯ ಗಿಡ ಸಾಯುತ್ತದೆ. ಬಲಿತ ಗಿಡ ಕೆಲವು ವರ್ಷ ತಾಳುತ್ತದೆ. ಈ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ.” ಕಡೆಯ ವಾಕ್ಯದಿಂದ ವಿದ್ಯಾರ್ಥಿಯೇ ಮುಂದಿನ ಹೆಜ್ಜೆಯನ್ನಿಡಬಲ್ಲನು: ಹಾಗಾದರೆ ನೆರಳಿನ ಮರವನ್ನು ಕಡಿದ ತೋಟದಲ್ಲಿ ಕೀಟ ಹೆಚ್ಚಬೇಕು, ತೊಗಟೆಯನ್ನು ಉಜ್ಜಿ ನುಣುಪು ಮಾಡಿದರೆ ಮೊಟ್ಟೆಗೆ ಎಡೆ ಕಡಮೆಯಾಗಬೇಕು, ಹುಳು ಹೊಕ್ಕ ಗಿಡವನ್ನು ಹಾರಾಟದ ಕಾಲಕ್ಕೆ ಮುಂಚೆಯೇ ಕಿತ್ತು ಸುಡಬೇಕು. ಇವು ಕಾಫಿ ಸಂಶೋಧಕರು ವಾಸ್ತವವಾಗಿ ಕೊಡುವ ಸಲಹೆಗಳೇ. ಮೊದಲನೆಯ ವಾಕ್ಯವನ್ನು ಓದಿದವನು ಪರೀಕ್ಷೆಯಲ್ಲಿ ಬರೆದು ಮರೆಯುವನು. ಎರಡನೆಯದನ್ನು ಓದಿದವನು ತೋಟಕ್ಕೆ ಹೋಗಿ ನೋಡುವನು. ತಾನು ಓದಿದುದು ಸುಳ್ಳಾದರೆ ಕೇಳುವನು. ವಿಜ್ಞಾನದ ಅರಿವು ಮೊಳೆಯುವುದು ಇಂತಹ ಕೇಳಿಕೆಯಲ್ಲಿಯೇ.

ಇದರಿಂದ ಪಾರಿಭಾಷಿಕ ಪದಗಳೇ ಬೇಡವೆಂದು ತಿಳಿಯಲಾಗದು. ಆಡುಮಾತಿನ ಹೆಸರು ಒಂದು ಊರಿನಲ್ಲಿ ಒಂದು ವಸ್ತುವಿಗೂ, ಪಕ್ಕದ ಊರಿನಲ್ಲಿ ಇನ್ನೊಂದಕ್ಕೂ ಸಲ್ಲಬಹುದು. ಶಾಸ್ತ್ರಕ್ಕೆ ನಿಲುಗಡೆಯಾದ ಹೆಸರು ಬೇಕು. ಪ್ರಶ್ನೆಯಿರುವುದು ಅನುಕ್ರಮದಲ್ಲಿ. ಸ್ವಾಮಿಯವರ ಗದ್ಯದ ರಹಸ್ಯ ಇದೇ: ಗಿಡ ಮೊದಲು ಕಣ್ಣಿಗೆ ಬೀಳುತ್ತದೆ, ಅದರ ವಿಚಿತ್ರ ಮನಸ್ಸಿಗೆ ಹತ್ತುತ್ತದೆ, ಆಮೇಲೆ ಅದಕ್ಕೆ ಶಾಸ್ತ್ರದ ಹೆಸರು ಬರುತ್ತದೆ. ಆ ಹೊತ್ತಿಗೆ ಓದುಗನು ಹೆಸರನ್ನು ಬೇಡುತ್ತಿರುತ್ತಾನೆ. ಸ್ವಾಮಿಯವರ ವಾಕ್ಯಗಳನ್ನು ನಕಲು ಮಾಡಲು ಕಾನೂನು ಬಿಡುವುದಿಲ್ಲ. ಅವರ ಅನುಕ್ರಮವನ್ನು ಕಲಿಯಲು ಯಾವ ಅಡ್ಡಿಯೂ ಇಲ್ಲ. ರೀತಿಗೆ ಸ್ವಾಮ್ಯವಿಲ್ಲ.

೫

ಶಬ್ದಕ್ಕೆ ಹೇಳಿದುದು ಸಂಖ್ಯೆಗೂ ಸಲ್ಲುತ್ತದೆ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ ಮೊದಲಾದ ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರನ್ನು ಪೂರ್ವದ ಬಯಲುಸೀಮೆಗೆ ತಿರುಗಿಸುವ ಯೋಜನೆ ಬಹುಕಾಲ ಚರ್ಚೆಗೊಳಗಾಗಿ, ಅದರ ಮೊದಲ ಹಂತ ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾಯಿತು. ಈ ಹೊಳೆಗಳಿಂದ ವರ್ಷಕ್ಕೆ ೨೪.೦೧ ಟಿಎಂಸಿ ನೀರು ದೊರೆಯುವುದೆಂದು ಯೋಜನೆಯ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಒಂದು ಅಧ್ಯಯನದ ಪ್ರಕಾರ ಅಲ್ಲಿ ದೊರೆಯುವುದು ೯.೫೫ ಟಿಎಂಸಿ ಮಾತ್ರ. ಒಂದೇ ಹೊಳೆಗೆ ಎರಡು ಸಂಖ್ಯೆಗಳು. ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಇವೆರಡನ್ನೂ ಉಚ್ಚರಿಸಿದವರು ಅನೇಕರು. ಆದರೆ ‘ಟಿಎಂಸಿ’ ಎಂಬುದು ಕೇಳುವವನ ಅನುಭವಕ್ಕೆ ಎಲ್ಲಿಯೂ ತಾಗದ ಅಳತೆ. ಆದಕಾರಣ ವಿದ್ಯಾರ್ಥಿಯು ಸಂಖ್ಯೆಯನ್ನು ಬಿಟ್ಟು ಪಕ್ಷವನ್ನು ನಂಬುವನು.

ಮುಕ್ತ ಪಠ್ಯವೊಂದು ಇಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅದು ಸುಮಾರು ೨ ಕೋಟಿ ೮೩ ಲಕ್ಷ ಘನ ಮೀಟರು. ಹಾಗಾದರೆ ೨೪.೦೧ ಟಿಎಂಸಿಯೆಂದರೆ ಸುಮಾರು ೬೮ ಕೋಟಿ ಘನ ಮೀಟರು, ೯.೫೫ ಎಂದರೆ ಸುಮಾರು ೨೭ ಕೋಟಿ. ಈ ಹೊಳೆಗಳಿಗೆ ನೀರನ್ನು ಒದಗಿಸುವ ನೆಲ, ಎಂದರೆ ಜಲಾನಯನ ಪ್ರದೇಶ, ಸುಮಾರು ೧೮೦ ಚದರ ಕಿಲೋಮೀಟರು. ಆ ನೆಲದ ಮೇಲೆಲ್ಲ ನೀರನ್ನು ಸಮವಾಗಿ ಹರಡಿದರೆ, ಮೊದಲನೆಯ ಲೆಕ್ಕದ ನೀರು ಸುಮಾರು ೩,೭೮೦ ಮಿಲಿಮೀಟರು ಎತ್ತರಕ್ಕೂ, ಎರಡನೆಯದರ ನೀರು ಸುಮಾರು ೧,೫೦೦ ಮಿಲಿಮೀಟರು ಎತ್ತರಕ್ಕೂ ನಿಲ್ಲುತ್ತದೆ. ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವ ಪದ್ಧತಿಯುಂಟು. ಆ ಭಾಷೆಗೆ ತಿರುಗಿಸಿದರೆ ಒಂದು ೧೪೯ ಇಂಚು, ಇನ್ನೊಂದು ೫೯ ಇಂಚು. ಈ ಸೀಮೆಯಲ್ಲಿ ಬೀಳುವ ಮಳೆಯೋ, ವರ್ಷಕ್ಕೆ ೩,೦೦೦ದಿಂದ ೪,೫೦೦ ಮಿಲಿಮೀಟರು, ಎಂದರೆ ಸುಮಾರು ೧೧೮ರಿಂದ ೧೭೭ ಇಂಚು.

ಇಲ್ಲಿಗೆ ಬಂದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಮರಗಳ ಉಸಿರಿನ ಮೂಲಕ ಆವಿಯಾಗಿ ಹೋಗುತ್ತದೆ, ಎಷ್ಟು ಪಾಲು ಮಣ್ಣಿಗಿಳಿಯುತ್ತದೆ, ಎಷ್ಟು ಹೊಳೆಗೆ ಹರಿದುಬರುತ್ತದೆ? ೧೪೯ ಇಂಚು ಹರಿದುಬರಬೇಕಾದರೆ, ೧೧೮ ಇಂಚು ಮಳೆಯಾದ ವರ್ಷದಲ್ಲಿ ಅದು ಅಸಾಧ್ಯ. ೧೭೭ ಇಂಚು ಮಳೆಯಾದ ವರ್ಷದಲ್ಲಿಯೂ ನೂರರಲ್ಲಿ ಎಂಬತ್ತನಾಲ್ಕು ಪಾಲು ಹೊಳೆಗೇ ಬರಬೇಕು. ಈ ಲೆಕ್ಕವೊಂದರಿಂದಲೇ ವಿವಾದ ತೀರಿತೆನ್ನಲಾಗದು: ಮಳೆಯ ಮಾಪನ ಎಲ್ಲಿ ನಡೆಯಿತು, ಎಷ್ಟು ವರ್ಷದ ಸರಾಸರಿ, ಜಲಾನಯನದ ಗಡಿಯನ್ನು ಹೇಗೆ ಎಳೆದರು ಎಂಬುವನ್ನು ಕೇಳಬೇಕಾಗುವುದು. ಆದರೆ ಏನನ್ನು ಕೇಳಬೇಕೆಂಬುದು ಈಗ ಗೊತ್ತಾಯಿತು. ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇದರಲ್ಲಿ ಬೇಕಾಗಲಿಲ್ಲ. ಬೇಕಾದುದು ಅಳತೆಯನ್ನು ಆ ನೆಲದ ಮಾತಿಗೆ ತಿರುಗಿಸಿ, ಹೆಜ್ಜೆಯನ್ನು ಹಾರದೆ ಬರೆದ ಒಂದು ಪುಟದ ಗದ್ಯ. ಹೊರನಾಡಿನ ಮುಕ್ತ ಪಠ್ಯ ಎಷ್ಟೇ ಶ್ರೇಷ್ಠವಾದರೂ ಈ ಪುಟವನ್ನು ಬರೆದುಕೊಡಲಾರದು. ಅದನ್ನು ಆ ಪಠ್ಯಕ್ಕೆ ಸೇರಿಸುವ ಹಕ್ಕನ್ನು ಮಾತ್ರ ಕೊಡಬಲ್ಲುದು.

೬

ಮೂರನೆಯ ನಿದರ್ಶನ ಆನೆಯದು. ಇಲ್ಲಿ ವಿಜ್ಞಾನದ ಗದ್ಯಕ್ಕೆ ಬೇರೊಂದು ಕಷ್ಟ ಎದುರಾಗುತ್ತದೆ. ಆಲೂರು, ಸಕಲೇಶಪುರಗಳಲ್ಲಿ ಆನೆ ಮನುಷ್ಯರ ತಿಕ್ಕಾಟ ತೀವ್ರವಾದಾಗ, ಉಚ್ಚ ನ್ಯಾಯಾಲಯದ ಆದೇಶದಂತೆ ಏರ್ಪಟ್ಟ ಕರ್ನಾಟಕ ಆನೆ ಕಾರ್ಯಪಡೆಯು ರಾಮನ್ ಸುಕುಮಾರರ ಅಧ್ಯಕ್ಷತೆಯಲ್ಲಿ ೨೦೧೨ರಲ್ಲಿ ವರದಿಯನ್ನೊಪ್ಪಿಸಿತು. ಆನೆಗಳ ನೆಲೆಗಳನ್ನು ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವುಗೊಳಿಸಬೇಕಾದ ವಲಯ ಎಂದು ಅದು ವಿಂಗಡಿಸಿತು. ಈ ಸೀಮೆಯು ಮೂರನೆಯದರಲ್ಲಿ ಬಂದಿತು. ಅನಂತರ ಇಲ್ಲಿಂದ ಹಲವು ಆನೆಗಳನ್ನು ಹಿಡಿದು ಸಾಗಿಸಿದರು. ತಿಕ್ಕಾಟ ನಿಲ್ಲಲಿಲ್ಲ, ೨೦೨೩ರ ಡಿಸೆಂಬರಿನಲ್ಲಿ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ, ದಸರೆಯ ಅಂಬಾರಿಯನ್ನು ಹೊತ್ತಿದ್ದ ಅರ್ಜುನನೆಂಬ ಆನೆ ಕಾಡಾನೆಯ ತಿವಿತಕ್ಕೆ ಬಲಿಯಾಯಿತು.

ಈ ವಿಷಯವಾಗಿ ಕನ್ನಡದಲ್ಲಿ ಬರೆಹಕ್ಕೆ ಬರವಿಲ್ಲ. ಆದರೆ ಅದರಲ್ಲಿ ಬಹುಪಾಲು ಒಂದೋ ಬೆಳೆಗಾರನ ಕಣ್ಣೀರು, ಇಲ್ಲವೇ ಆನೆಯ ಸ್ತೋತ್ರ. ಎರಡಕ್ಕೂ ಅದರದರ ನ್ಯಾಯವುಂಟು. ವಿಜ್ಞಾನದ ಅರಿವನ್ನು ಕೊಡಬೇಕಾದ ಬರಹ ಮಾತ್ರ ಮೂರು ಮಾತುಗಳನ್ನು ಬೇರ್ಪಡಿಸಬೇಕು: ಕಂಡುದು ಯಾವುದು, ಊಹಿಸಿದುದು ಯಾವುದು, ಬಯಸಿದುದು ಯಾವುದು. ಇಷ್ಟು ಆನೆಗಳನ್ನು ಸಾಗಿಸಿದರೆಂಬುದು ಕಂಡುದು. ತೆರವಾದ ಎಡೆಗೆ ಬೇರೆ ಆನೆಗಳು ಬಂದುವೆಂಬುದು ಪರೀಕ್ಷಿಸಬಹುದಾದ ಊಹೆ. ಇಲ್ಲಿ ಆನೆ ಇರಬೇಕೇ ಬೇಡವೇ ಎಂಬುದು ವಿಜ್ಞಾನ ಒಂದೇ ತೀರ್ಮಾನಿಸಲಾರದ, ಜನರು ಕೂಡಿ ನಿರ್ಧರಿಸಬೇಕಾದ ವಿಷಯ. ಕನ್ನಡದ ಕ್ರಿಯಾಪದಕ್ಕೆ ಈ ಭೇದಗಳನ್ನು ಸೂಕ್ಷ್ಮವಾಗಿ ತೋರಿಸುವ ಶಕ್ತಿ ಹುಟ್ಟಿನಿಂದಲೇ ಬಂದಿದೆ. ‘ಬಂದಿತು’, ‘ಬಂದಿರಬೇಕು’, ‘ಬಂದೀತು’, ‘ಬರಬಹುದು’, ‘ಬರತಕ್ಕದ್ದು’ ಇವು ಒಂದೇ ಅಲ್ಲ. ಸಂಭಾವನೆಯ ‘ಈತು’ ರೂಪವು ಒಂದು ಊಹೆಯನ್ನು ಎಷ್ಟು ಬಲದಿಂದ ಹಿಡಿಯಬೇಕೆಂಬುದನ್ನು ಒಂದಕ್ಷರದಲ್ಲಿ ಹೇಳಬಲ್ಲುದು. ಭಾಷಾಂತರದ ಗದ್ಯವು ಎಲ್ಲವನ್ನೂ ‘ಆಗಿದೆ’, ‘ಆಗುತ್ತದೆ’ ಎಂಬೆರಡಕ್ಕೆ ಇಳಿಸಿದಾಗ ನಷ್ಟವಾಗುವುದು ಸೊಗಸು ಮಾತ್ರವಲ್ಲ, ಪ್ರಮಾಣದ ತಾರತಮ್ಯ. ವ್ಯಾಕರಣವನ್ನು ಕಲಿಸುವ ಅಧ್ಯಾಪಕನಿಗೆ ಇದು ತನ್ನ ತರಗತಿಯ ವಿಷಯವೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

೭

ಮುಕ್ತ ಪಠ್ಯವನ್ನು ಯಾರು ಬೇಕಾದರೂ ತಿದ್ದುವುದಾದರೆ ಅದು ಕೆಟ್ಟುಹೋಗದೆ ಇರುವುದೇ ಎಂಬ ಆಕ್ಷೇಪ ಸಹಜವಾದುದು, ಬಲವುಳ್ಳದು. ಹೆಸರಾಂತ ವಿದ್ವಾಂಸನು ಬರೆದ ಲೇಖನದಲ್ಲಿ ಅರೆಬರೆ ತಿಳಿದವನು ಕೈಯಾಡಿಸಿದರೆ, ಓದುವವನು ಯಾವುದನ್ನು ನಂಬಬೇಕು? ಅದಕ್ಕೆ ಪರಿಹಾರವಾಗಿ ತಿದ್ದುವುದನ್ನೇ ನಿಷೇಧಿಸಿದರೆ, ಪಠ್ಯ ಶುದ್ಧವಾಗಿ ಉಳಿದು ಹಳತಾಗುತ್ತದೆ.

ಈ ಇಕ್ಕಟ್ಟು ಕನ್ನಡದ ವಿದ್ವಾಂಸರಿಗೆ ಅಪರಿಚಿತವಲ್ಲ. ಓಲೆಗರಿಯ ಕಾಲದಲ್ಲಿ ಪ್ರತಿಯೊಂದು ಗ್ರಂಥವೂ ಮುಕ್ತಗ್ರಂಥವೇ ಆಗಿತ್ತು. ಲಿಪಿಕಾರನು ಪ್ರತಿಮಾಡಿದನು, ತಿಳಿಯದುದನ್ನು ತಿದ್ದಿದನು, ಬಿಟ್ಟುಹೋದುದನ್ನು ತುಂಬಿದನು, ತನಗೆ ಹಿತವಾದುದನ್ನು ಸೇರಿಸಿದನು. ಅದರಿಂದ ಕಾವ್ಯಗಳು ಕೆಟ್ಟುದೂ ಉಂಟು, ಉಳಿದುದೂ ಉಂಟು. ಆ ಗೊಂದಲವನ್ನು ಗ್ರಂಥಸಂಪಾದನಶಾಸ್ತ್ರವು ಒಂದು ಶಿಸ್ತಿಗೆ ತಂದಿತು: ಮೂಲವನ್ನು ಗುರುತಿಸು, ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸು, ತಿದ್ದಿದುದನ್ನು ತಿದ್ದಿದ್ದೇನೆಂದು ಹೇಳು, ತಿದ್ದಿದುದಕ್ಕೆ ಕಾರಣ ಕೊಡು. ಇಂದಿನ ಮುಕ್ತಕೋಶಗಳ ಪ್ರತಿಯೊಂದು ಪುಟದ ಹಿಂದೆಯೂ, ಯಾವ ದಿನ ಯಾವ ಅಕ್ಷರ ಬದಲಾಯಿತೆಂಬ ಇತಿಹಾಸ ತಾನಾಗಿಯೇ ದಾಖಲಾಗಿರುತ್ತದೆ. ಪಾಠಾಂತರಗಳ ಸಾಮಗ್ರಿ ಇಲ್ಲಿ ಶ್ರಮವಿಲ್ಲದೆ ಸಿದ್ಧವಾಗಿದೆ, ಕೊರತೆಯಾಗಿರುವುದು ಸಂಪಾದಕನು. ವೆಂಕಟನಾರಣಪ್ಪನವರು ಒಂದು ಕೈಯಲ್ಲಿ ವಿಜ್ಞಾನವನ್ನೂ ಇನ್ನೊಂದು ಕೈಯಲ್ಲಿ ಪಂಪನ ಪಾಠಗಳನ್ನೂ ಹಿಡಿದುದು ಈ ದೃಷ್ಟಿಯಿಂದ ಅರ್ಥವತ್ತಾದುದು. ವಸ್ತುವಿಗೂ ಮಾತಿಗೂ ಸಮನಾದ ನಿಷ್ಠೆಯನ್ನು ಸಲ್ಲಿಸುವ ಮನಸ್ಸೊಂದೇ ಎರಡು ಕಡೆಯೂ ಕೆಲಸ ಮಾಡಿತು.

ಆದುದರಿಂದ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ. ವಿಷಯದಲ್ಲಿ ತಪ್ಪಿಲ್ಲವೆಂದು ನೋಡುವುದು ವಿಜ್ಞಾನದ ಅಧ್ಯಾಪಕನದು. ವಾಕ್ಯ ಓದುಗನನ್ನು ತಲಪುತ್ತದೆಯೇ, ಊಹೆಯನ್ನು ಊಹೆಯೆಂದೇ ಹೇಳುತ್ತದೆಯೇ, ಹೆಸರು ವಸ್ತುವಿನ ಹಿಂದೆ ಬರುತ್ತದೆಯೇ ಎಂದು ನೋಡುವುದು ಕನ್ನಡದ ಅಧ್ಯಾಪಕನದು. ನೆಲದ ಸಂಗತಿಗಳನ್ನು, ಎಂದರೆ ಮನೆಯ ಮಳೆಯ ಲೆಕ್ಕ, ತೋಟದ ಕೀಟದ ಕಾಲ, ಹಳ್ಳದ ಹೆಸರು ಇವುಗಳನ್ನು ತಂದು ಜೋಡಿಸುವುದು ವಿದ್ಯಾರ್ಥಿಯದು. ಸಕಲೇಶಪುರದ ಒಂದು ಕಾಲೇಜಿನಲ್ಲಿ ವರ್ಷಕ್ಕೆ ಒಂದು ಮುಕ್ತ ಲೇಖನವನ್ನು ಹೀಗೆ ಮೂವರೂ ಕೂಡಿ ತಿದ್ದಿ, ತಿದ್ದಿದುದಕ್ಕೆ ಕಾರಣವನ್ನು ಬರೆದಿಟ್ಟರೂ ಸಾಕು. ತಿದ್ದಿದ ಲೇಖನದಿಂದ ಪರರಿಗೆ ಉಪಕಾರವಾದೀತು; ತಿದ್ದಿದ ವಿದ್ಯಾರ್ಥಿಗೆ ಅದಕ್ಕಿಂತ ಹೆಚ್ಚಿನದು ದೊರೆತೀತು. ಅಚ್ಚಾದ ಮಾತಿಗೂ ಆಧಾರ ಬೇಕೆಂಬುದನ್ನು ಅವನು ಕೇಳಿ ಕಲಿತಿರುವುದಿಲ್ಲ, ಮಾಡಿ ಕಲಿತಿರುವನು.

ಕನ್ನಡದಲ್ಲಿ ವಿಜ್ಞಾನಕ್ಕೆ ಪದಗಳಿಲ್ಲವೆಂಬ ಹಳೆಯ ದೂರು ೧೯೧೮ರಲ್ಲಿಯೇ ಸುಳ್ಳಾಯಿತು. ಪುಸ್ತಕಗಳು ಬಡವನ ಕೈಗೆ ಎಟುಕುವುದಿಲ್ಲವೆಂಬ ದೂರನ್ನು ಮುಕ್ತ ಪರವಾನಗಿ ಬಹುಮಟ್ಟಿಗೆ ತೀರಿಸಿದೆ. ಉಳಿದಿರುವುದು ಮೂರನೆಯ ದೂರು: ತೆರೆದಿಟ್ಟ ಪಠ್ಯವನ್ನು ಎತ್ತಿಕೊಂಡು, ತನ್ನ ನೆಲದ ಮಾತಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಬರೆಯುವವರು ಸಾಲದಾಗಿದ್ದಾರೆ. ಇದನ್ನು ಸರ್ಕಾರವಾಗಲಿ ಹೊರನಾಡಿನ ಸಂಸ್ಥೆಯಾಗಲಿ ತೀರಿಸಲಾರದು. ಗದ್ಯವನ್ನು ಓದಲು ಕಲಿಸುವುದೇ ವೃತ್ತಿಯಾಗಿರುವವರು ಮಾತ್ರ ತೀರಿಸಬಲ್ಲರು.